ಸಾಕು ಎನ್ನುವುದನ್ನು ಕಲಿಸಿದ ಬಸವಣ್ಣನವರು



ಬಾಗಲಕೋಟೆ ಜಿಲ್ಲೆಯ ಗಲಗಲಿಗೆ ನೀವು ಹೋಗಿದ್ದರೆ ಅಲ್ಲಿನ ಹೊಳೆದಂಡೆಯನ್ನು ಮರೆತಿರಲಾರಿರಿ. ಕೃಷ್ಣಾ ನದಿಯ ಮಗ್ಗುಲಲ್ಲಿರುವ ಈ ಊರಿಗೆ ಗಾಲವ ಋಷಿಯ ತಪಸ್ಸಿನಿಂದ ಹೆಸರು ಬಂತೆಂದು ಹಿರಿಯರು ಹೇಳುತ್ತಾರೆ. ಇಲ್ಲಿ ಸಂಸ್ಕೃತ ಪಂಡಿತರು ಬಾಳಿದರು. ದೇವರ ಹಾಡು ಕಟ್ಟಿದ ಹೆಣ್ಣುಮಗಳೊಬ್ಬಳು ಗಲಗಲಿ ಅವ್ವ ಎಂದೇ ಹೆಸರಾದಳು. ಹೊಳೆಸಾಲಿನ ಊರುಗಳಲ್ಲಿ ಸಂಕ್ರಾಂತಿ ಬಂತೆಂದರೆ ಜನ ಎಳ್ಳು ಹಚ್ಚಿಕೊಂಡು ಹೊಳೆಯಲ್ಲಿ ಮೀಯುತ್ತಾರೆ, ದಂಡೆಯ ಮೇಲೆ ಕುಳಿತು ಬುತ್ತಿ ಬಿಚ್ಚುತ್ತಾರೆ, ನೀರಿಗೆ ಕೈಮುಗಿದು ಮನೆಗೆ ಮರಳುತ್ತಾರೆ.

ಈಗ ಹೊಳೆಗೆ ಬೆನ್ನು ಮಾಡಿ ಹೊಲಗಳ ಕಡೆ ನಡೆಯಿರಿ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಸೀಮೆಯ ತುಂಬ ಹಸಿರು ಕಬ್ಬು. ಅದರ ನಡುವೆ ಅಲ್ಲಲ್ಲಿ ಯಾರೋ ಸುಣ್ಣದ ಪುಡಿ ಚೆಲ್ಲಿದಂತೆ ಬೆಳ್ಳಗಾದ ನೆಲ. ಉಪ್ಪು ಮೇಲೆದ್ದರೆ ಸವಳು, ನೀರು ಇಂಗದೆ ನಿಂತರೆ ಜವಳು ಎಂದು ರೈತರು ಅದನ್ನು ಕರೆಯುತ್ತಾರೆ. ಅಜ್ಜ ಜೋಳ ಬೆಳೆದ ಎರೆಮಣ್ಣು, ಅಪ್ಪ ಕಬ್ಬು ಬೆಳೆದ ಅದೇ ಮಣ್ಣು, ಮೊಮ್ಮಗನ ಕೈಗೆ ಬರುವ ಹೊತ್ತಿಗೆ ಏನೂ ಬೆಳೆಯದ ನೆಲವಾಗಿರುತ್ತದೆ. ಇನ್ನು ಹೊಳೆಯ ಪಾಡು? 2019ರ ಬೇಸಿಗೆಯಲ್ಲಿ ಕೃಷ್ಣೆ ಬತ್ತಿದಾಗ ಕುಡಿಯುವ ನೀರಿಗಾಗಿ ಮಹಾರಾಷ್ಟ್ರದ ಕೊಯ್ನಾ ಜಲಾಶಯದ ಕಡೆ ಕೈಚಾಚಬೇಕಾಯಿತು. ಅದೇ ವರ್ಷದ ಆಗಸ್ಟ್ ತಿಂಗಳಲ್ಲಿ ಅದೇ ಹೊಳೆ ದಂಡೆ ಮೀರಿ ಬಂದು ಮನೆಗಳನ್ನೂ ಬೆಳೆಗಳನ್ನೂ ನುಂಗಿತು.

ಕೈಮುಗಿಯುವ ನೀರು ಹೀಗೇಕಾಯಿತು? ಬಿತ್ತುವ ಮೊದಲು ಪೂಜೆ ಮಾಡುವ ಮಣ್ಣು ಹೀಗೇಕಾಯಿತು? ನಮ್ಮಲ್ಲಿ ದೇವಭಕ್ತಿಗೆ ಕೊರತೆಯಿಲ್ಲ. ಗುಡಿ, ಮಸೀದಿ, ಬಸದಿ, ದೇವಾಲಯ ಎಲ್ಲವೂ ತುಂಬಿವೆ. ಹಾಗಾದರೆ ನಮ್ಮ ಭಕ್ತಿಯಲ್ಲಿ ಏನು ಕಡಿಮೆಯಾಯಿತು?

ಈ ಪ್ರಶ್ನೆಯನ್ನು ಹಿಡಿದುಕೊಂಡು ಇಂದು ನಾವು ಒಬ್ಬ ಮಹಾಪುರುಷರ ಜೀವನವನ್ನು ನೆನೆಯೋಣ. ಗಲಗಲಿಯಿಂದ ಹೊಳೆಯ ಜೊತೆ ಕೆಳಕ್ಕೆ ಸಾಗಿದರೆ ಆಲಮಟ್ಟಿ ಅಣೆಕಟ್ಟು; ಅದನ್ನು ದಾಟಿ ಮುಂದೆ ಹೋದರೆ ಕೃಷ್ಣೆಗೆ ಮಲಪ್ರಭೆ ಬಂದು ಕೂಡುವ ಕೂಡಲಸಂಗಮ. ಬಸವಣ್ಣನವರು ಬಾಲ್ಯ ಕಳೆದ, ಕೊನೆಗೆ ಬಂದು ಕಣ್ಮುಚ್ಚಿದ ಸ್ಥಳ ಅದು. ಕ್ರೈಸ್ತ ಕುಟುಂಬಗಳು ಓದುವ ಪುಟದಲ್ಲಿ ಅವರ ಕಥೆ ಏಕೆ ಎಂದು ಯಾರಾದರೂ ಕೇಳಬಹುದು. ಅನ್ಯಧರ್ಮಗಳಲ್ಲಿರುವ ಸತ್ಯವಾದ, ಪವಿತ್ರವಾದ ಯಾವುದನ್ನೂ ಧರ್ಮಸಭೆ ತಳ್ಳಿಹಾಕುವುದಿಲ್ಲವೆಂದು ಎರಡನೆಯ ವ್ಯಾಟಿಕನ್ ಮಹಾಸಭೆ 1965ರಲ್ಲೇ ಸಾರಿದೆ. ಅಲ್ಲದೆ ಹೊಳೆ ಎಲ್ಲರದು. ಅದರ ದಂಡೆಯಲ್ಲಿ ಹುಟ್ಟಿದ ವಿವೇಕವೂ ಎಲ್ಲರದು.

ಜನಿವಾರ ಬಿಟ್ಟ ಬಾಲಕ

ಬಸವಣ್ಣನವರು 12ನೆಯ ಶತಮಾನದವರು. ಈಗಿನ ವಿಜಯಪುರ ಜಿಲ್ಲೆಯ ಬಾಗೇವಾಡಿ ಅವರ ಊರು. ಇಂದು ಅದು ಅವರ ಹೆಸರಿನಿಂದಲೇ ಬಸವನ ಬಾಗೇವಾಡಿ. ತಂದೆ ಮಾದರಸ, ತಾಯಿ ಮಾದಲಾಂಬಿಕೆ, ಅಕ್ಕ ನಾಗಮ್ಮ. ಅವರ ಬದುಕಿನ ವಿವರಗಳು ಹೆಚ್ಚಾಗಿ ನಮಗೆ ದೊರೆಯುವುದು ಹರಿಹರ ಕವಿಯ ರಗಳೆಯಿಂದ, ಪಾಲ್ಕುರಿಕೆ ಸೋಮನಾಥ ತೆಲುಗಿನಲ್ಲಿ ಬರೆದ ಪುರಾಣದಿಂದ, ಅದನ್ನನುಸರಿಸಿ ಭೀಮಕವಿ 1369ರಲ್ಲಿ ಕನ್ನಡದಲ್ಲಿ ಬರೆದ ಬಸವಪುರಾಣದಿಂದ. ಭಕ್ತರು ಬರೆದ ಕಥೆಗಳಾದ್ದರಿಂದ ಪವಾಡಗಳೂ ಅದರಲ್ಲಿ ಬೆರೆತಿವೆ. ಆದರೆ ಬೆಳಗಾವಿ ಜಿಲ್ಲೆಯ ಅರ್ಜುನವಾಡದ 1260ರ ಶಾಸನವೂ ಅವರನ್ನು ಹೆಸರಿಸುತ್ತದೆ. ಅವರು ಕಥೆಯಲ್ಲಷ್ಟೇ ಬಾಳಿದವರಲ್ಲ.

ಬ್ರಾಹ್ಮಣ ಅಗ್ರಹಾರದ ಗಣ್ಯ ಕುಟುಂಬದ ಈ ಹುಡುಗ ಎಳವೆಯಲ್ಲೇ ಜನಿವಾರವನ್ನು ಬೇಡವೆಂದ. ಅಕ್ಕನಿಗೆ ಇಲ್ಲದ ಸಂಸ್ಕಾರ ತನಗೇಕೆ ಎಂದು ಕೇಳಿದನೆಂದು ಜನ ಇಂದಿಗೂ ಹೇಳುತ್ತಾರೆ. ಮನೆ ಬಿಟ್ಟು ಅವನು ನಡೆದದ್ದು ಕೂಡಲಸಂಗಮಕ್ಕೆ. ಅಲ್ಲಿನ ಗುರುಗಳ ಬಳಿ ಓದು, ಸಂಗಮನಾಥನ ಸೇವೆ, ಕಣ್ಣೆದುರು ಎರಡು ನದಿಗಳು ಒಂದಾಗಿ ಹರಿಯುವ ನೋಟ. ಮುಂದೆ ಜೀವನಪೂರ್ತಿ ತಮ್ಮ ವಚನಗಳಿಗೆ ಅವರು ಅಂಕಿತವಾಗಿ ಇಟ್ಟುಕೊಂಡದ್ದು ಆ ಸಂಗಮದ ದೇವರ ಹೆಸರನ್ನೇ.

ಭಂಡಾರದ ಬೀಗದ ಕೈ

ಸಂಗಮದ ಶಾಂತಿಯಲ್ಲೇ ಉಳಿದುಬಿಟ್ಟಿದ್ದರೆ ಬಸವಣ್ಣನವರು ಒಬ್ಬ ಒಳ್ಳೆಯ ಸನ್ಯಾಸಿ ಎನಿಸಿಕೊಳ್ಳುತ್ತಿದ್ದರು. ಅವರು ಆರಿಸಿಕೊಂಡದ್ದು ಸಂಸಾರವನ್ನು, ದುಡಿಮೆಯನ್ನು, ಸರಕಾರಿ ಲೆಕ್ಕಪುಸ್ತಕವನ್ನು. ಇಂದು ಮಹಾರಾಷ್ಟ್ರದಲ್ಲಿರುವ ಮಂಗಳವೇಢೆಯಲ್ಲಿ ಕಲಚುರಿ ಅರಸ ಬಿಜ್ಜಳನ ಆಡಳಿತದಲ್ಲಿ ಕರಣಿಕರಾಗಿ ಸೇರಿದರು. ಗಂಗಾಂಬಿಕೆ, ನೀಲಾಂಬಿಕೆಯರನ್ನು ಮದುವೆಯಾದರು. ಬಿಜ್ಜಳ ಚಾಲುಕ್ಯರನ್ನು ಬದಿಗೆ ಸರಿಸಿ ಕಲ್ಯಾಣದ ಸಿಂಹಾಸನ ಏರಿದಾಗ, ರಾಜ್ಯದ ಭಂಡಾರದ ಹೊಣೆ ಬಸವಣ್ಣನವರ ಕೈಗೆ ಬಂತು.

ಓದುಗರೇ, ಇಲ್ಲಿ ಸ್ವಲ್ಪ ನಿಲ್ಲಿ. ಹಣದ ಕೋಣೆಯ ಬೀಗದ ಕೈ ಸೊಂಟದಲ್ಲಿರುವಾಗ ಸಾಕು ಎನ್ನುವುದು ಎಷ್ಟು ಕಷ್ಟ! ಶರಣರ ದಾಸೋಹಕ್ಕೆ ರಾಜಭಂಡಾರ ಖರ್ಚಾಗುತ್ತಿದೆ ಎಂದು ಹೊಟ್ಟೆಕಿಚ್ಚಿನವರು ದೂರಿದರು. ಲೆಕ್ಕ ನೋಡಿದಾಗ ಒಂದು ಹಾಗವೂ ಕಡಿಮೆಯಿರಲಿಲ್ಲ ಎಂದು ಕಥೆಗಳು ಹೇಳುತ್ತವೆ. ಚಿನ್ನದಲ್ಲಿ ಒಂದು ಚೂರನ್ನಾಗಲಿ ಬಟ್ಟೆಯಲ್ಲಿ ಒಂದು ನೂಲನ್ನಾಗಲಿ ನಾಳೆಗೆಂದು ತಮಗಾಗಿ ಎತ್ತಿಡುವುದಿಲ್ಲ ಎಂಬ ಅರ್ಥದಲ್ಲಿ ಅವರೇ ದೇವರ ಮುಂದೆ ಆಣೆಯಿಟ್ಟಿದ್ದಾರೆ. ಬಡವರಾಗಿದ್ದು ಸರಳವಾಗಿ ಬಾಳುವುದು ಅನಿವಾರ್ಯ. ಭಂಡಾರದ ನಡುವೆ ನಿಂತು ಸರಳವಾಗಿ ಬಾಳುವುದು ತಪಸ್ಸು.

ಆ ತಪಸ್ಸಿಗೆ ಅವರು ಎರಡು ಹೆಸರು ಕೊಟ್ಟರು: ಕಾಯಕ ಮತ್ತು ದಾಸೋಹ. ಪ್ರತಿಯೊಬ್ಬನೂ ತನ್ನ ಮೈಮುರಿದು ದುಡಿಯಬೇಕು, ಅದು ಕಾಯಕ. ದುಡಿದದ್ದರಲ್ಲಿ ತನಗೆ ಬೇಕಾದಷ್ಟನ್ನು ಉಂಡು ಮಿಕ್ಕಿದ್ದನ್ನು ಇತರರಿಗೆ ಸಲ್ಲಿಸಬೇಕು, ಅದು ದಾಸೋಹ. ಕೂಡಿಟ್ಟುಕೊಳ್ಳುವುದಕ್ಕೆ ಇವೆರಡರ ನಡುವೆ ಜಾಗವಿಲ್ಲ. ಈ ಪಾಠಕ್ಕೆ ಅವರು ಪ್ರಾಣಿ ಪಕ್ಷಿಗಳನ್ನು ಸಾಕ್ಷಿಗೆ ಕರೆದರು. ಒಂದು ಅಗುಳು ಕಂಡ ಕಾಗೆ ತನ್ನ ಬಳಗವನ್ನು ಕೂಗುತ್ತದೆ, ಕೋಳಿ ತನ್ನ ಕುಲವನ್ನು ಕರೆಯುತ್ತದೆ. ಭಕ್ತನೆನಿಸಿಕೊಂಡವನು ಅಷ್ಟೂ ಮಾಡದಿದ್ದರೆ ಕಾಗೆಗಿಂತ ಕಡೆ ಎಂಬುದು ಅವರ ಮಾತಿನ ತಾತ್ಪರ್ಯ. ಸಕಲ ಜೀವಿಗಳಲ್ಲಿ ದಯೆಯಿಲ್ಲದ ಧರ್ಮ ಧರ್ಮವೇ ಅಲ್ಲ ಎಂಬ ಅವರ ಬೋಧನೆಯನ್ನು ಕನ್ನಡ ನಾಡಿನ ಶಾಲೆಯ ಮಕ್ಕಳೂ ಬಲ್ಲರು.

ಹೆಚ್ಚಾದ ಅಕ್ಕಿ

ಕಲ್ಯಾಣದ ಅನುಭವ ಮಂಟಪದಲ್ಲಿ ಕೂಡಿದವರು ಯಾರು? ಅಲ್ಲಮಪ್ರಭುಗಳಂಥ ಜ್ಞಾನಿಗಳ ಜೊತೆ ಚಮ್ಮಾರ ಹರಳಯ್ಯ, ಅಗಸ ಮಾಚಯ್ಯ, ದೋಣಿ ನಡೆಸುವ ಚೌಡಯ್ಯ, ಹುಲ್ಲಿನಿಂದ ಹಗ್ಗ ಹೊಸೆಯುವ ಚಂದಯ್ಯ, ಹೊಲ ಉಳುವ ಮುದ್ದಣ್ಣ. ಕಾಡಿನ ಗಿಡಮರ ಹಕ್ಕಿಗಳೊಡನೆ ತನ್ನ ದೇವರ ಸುದ್ದಿ ಕೇಳುತ್ತ ಬಂದ ಅಕ್ಕಮಹಾದೇವಿ. ಇವರ ನಡುವೆ ಒಬ್ಬ ದಂಪತಿ, ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ. ಈಗಿನ ರಾಯಚೂರು ಜಿಲ್ಲೆಯ ಕಡೆಯಿಂದ ಕಲ್ಯಾಣಕ್ಕೆ ಬಂದವರು. ಅಂಗಳದಲ್ಲಿ ಚೆಲ್ಲಿದ ಅಕ್ಕಿಕಾಳನ್ನು ಆಯ್ದು ತಂದು ಅಡುಗೆ ಮಾಡಿ, ಬಂದವರಿಗೆ ಉಣಿಸಿ ಉಣ್ಣುವುದು ಅವರ ಕಾಯಕ.

ಒಂದು ದಿನ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ತಂದ. ಬಸವಣ್ಣನವರೇ ಅವರ ಮೇಲಿನ ಕನಿಕರದಿಂದಲೋ ಪರೀಕ್ಷೆಗೆಂದೋ ಹೆಚ್ಚು ಚೆಲ್ಲಿಸಿದ್ದರೆಂದು ಹೇಳುವುದುಂಟು. ಮನೆಯಲ್ಲಿ ಕಾಳಿನ ಗಂಟು ಬಿಚ್ಚಿದ ಲಕ್ಕಮ್ಮ ಗಂಡನನ್ನು ಹೊಗಳಲಿಲ್ಲ. ನಾಳೆಗೂ ಆಯಿತಲ್ಲ ಎಂದು ಡಬ್ಬಿಗೆ ತುಂಬಲಿಲ್ಲ. ಇಷ್ಟು ಅಕ್ಕಿಯ ಆಸೆ ಅರಸರಿಗಿರಬಹುದು, ಶರಣರಿಗೇಕೆ ಎಂದು ಗದರಿಸಿ, ದಿನದ ಪಾಲಿಗಿಂತ ಹೆಚ್ಚಾದದ್ದನ್ನು ಎಲ್ಲಿಂದ ತಂದನೋ ಅಲ್ಲಿಗೇ ಹಾಕಿ ಬರಲು ಅವನನ್ನು ಕಳಿಸಿದಳು. ಮಾರಯ್ಯ ಮರುಮಾತಾಡದೆ ಹೋಗಿ ಹಾಕಿ ಬಂದ. ಭಂಡಾರಿ ಬಸವಣ್ಣನವರು ಆ ಬಡ ಹೆಣ್ಣುಮಗಳ ಮುಂದೆ ತಲೆಬಾಗಿದರು.

ಪ್ರಿಯ ಸಹೋದರ ಸಹೋದರಿಯರೇ, ಈ ಕಥೆ ಕೇಳುವಾಗ ನಿಮಗೆ ವಿಮೋಚನಕಾಂಡದ 16ನೆಯ ಅಧ್ಯಾಯ ನೆನಪಾಗುವುದಿಲ್ಲವೇ? ಮರುಭೂಮಿಯಲ್ಲಿ ದೇವರು ಇಸ್ರಯೇಲರಿಗೆ ಮನ್ನವನ್ನು ಕೊಟ್ಟರು. ಅಂದಂದಿಗೆ ಬೇಕಾದಷ್ಟು ಮಾತ್ರ ಆಯ್ದುಕೊಳ್ಳಿ ಎಂದು ಅಪ್ಪಣೆ. ಕೆಲವರು ನಾಳೆಗೆಂದು ಬಚ್ಚಿಟ್ಟರು. ಬೆಳಗಾಗುವುದರೊಳಗೆ ಅದು ಹುಳಬಿದ್ದು ನಾರಿತು. ಪ್ರಭು ಯೇಸು ಕಲಿಸಿದ ಪರಲೋಕ ಮಂತ್ರದಲ್ಲೂ ನಾವು ಕೇಳುವುದು ಇಂದಿನ ಆಹಾರವನ್ನು, ಉಗ್ರಾಣ ತುಂಬುವಷ್ಟನ್ನಲ್ಲ. ಸುಗ್ಗಿಯಲ್ಲಿ ಹೊಲದ ಅಂಚನ್ನು ಕೊಯ್ಯದೆ ಬಡವರಿಗೆ ಬಿಡಬೇಕು, ಏಳನೆಯ ವರ್ಷ ಭೂಮಿಗೂ ವಿಶ್ರಾಂತಿ ಕೊಡಬೇಕು ಎಂದು ಯಾಜಕಕಾಂಡ ವಿಧಿಸುತ್ತದೆ. ಮನುಷ್ಯನಿಗೆ ಮಾತ್ರವಲ್ಲ, ಮಣ್ಣಿಗೂ ಸಬ್ಬತ್ತು! ಈ ಮಾತನ್ನು ನಾವು ಎಷ್ಟು ಸಲ ಓದಿದ್ದೇವೆ, ಎಷ್ಟು ಸಲ ನಮ್ಮ ಹೊಲದ ಬದುವಿನ ಮೇಲೆ ನಿಂತು ಯೋಚಿಸಿದ್ದೇವೆ?

ಹೊಳೆ ದೇವರಲ್ಲ, ಆದರೆ

ಇಲ್ಲೊಂದು ತೊಡಕು ಇದೆ, ಅದನ್ನು ಮುಚ್ಚಿಡಬಾರದು. ಪರಿಸರವನ್ನು ಪ್ರೀತಿಸುವವರು ಅನೇಕರು ಮರವನ್ನು, ನದಿಯನ್ನು ದೇವರೆಂದು ಪೂಜಿಸಿದರೆ ಅವು ಉಳಿಯುತ್ತವೆ ಎನ್ನುತ್ತಾರೆ. ಬಸವಣ್ಣನವರು ಹಾಗೆ ಹೇಳಿದವರಲ್ಲ. ನೀರು ಕಂಡಲ್ಲೆಲ್ಲ ಮುಳುಗಿ ಮರ ಕಂಡಲ್ಲೆಲ್ಲ ಸುತ್ತುವವರನ್ನು ಅವರು ನೇರವಾಗಿಯೇ ಟೀಕಿಸಿದರು. ಬತ್ತಿಹೋಗುವ ನೀರನ್ನೂ ಒಣಗಿಹೋಗುವ ಮರವನ್ನೂ ನೆಚ್ಚಿಕೊಂಡವರು ನಿಜವಾದ ದೇವರನ್ನು ಹೇಗೆ ತಿಳಿದಾರು ಎಂದು ಮರುಗಿದರು. ಕಲ್ಲಿನ ಹಾವಿಗೆ ಹಾಲೆರೆದು ಜೀವಂತ ಹಾವು ಕಂಡರೆ ಹೊಡೆಯುವ ಭಕ್ತಿಯನ್ನು ಬಯಲಿಗೆಳೆದರು. ನಮ್ಮ ಪವಿತ್ರ ಬೈಬಲ್ ಕೂಡ ಸೃಷ್ಟಿಯನ್ನು ಸೃಷ್ಟಿಕರ್ತನ ಸ್ಥಾನದಲ್ಲಿ ಕೂರಿಸುವುದಿಲ್ಲ. ಸೂರ್ಯ ಚಂದ್ರರು ದೇವರ ಕೈಕೆಲಸ, ದೇವರಲ್ಲ.

ಹೊಳೆ ದೇವರಲ್ಲವೆಂದ ಮೇಲೆ ಅದನ್ನು ಹೇಗಾದರೂ ಬಳಸಬಹುದಲ್ಲ ಎಂದು ಕೇಳುವವರಿದ್ದಾರೆ. ಅಮೆರಿಕದ ಇತಿಹಾಸಕಾರ ಲಿನ್ ವೈಟ್ 1967ರಲ್ಲಿ ಬರೆದ ಒಂದು ಪ್ರಬಂಧದಲ್ಲಿ ಈ ದೋಷವನ್ನು ನಮ್ಮ ಮೇಲೆಯೇ ಹೊರಿಸಿದರು. ಭೂಮಿಯನ್ನು ಆಳಿರಿ ಎಂಬ ಆದಿಕಾಂಡದ ಮಾತನ್ನು ಹಿಡಿದುಕೊಂಡು ಪಶ್ಚಿಮದ ಕ್ರೈಸ್ತರು ಪ್ರಕೃತಿಯನ್ನು ಸೂರೆಮಾಡಿದರು ಎಂಬುದು ಅವರ ಆಪಾದನೆ. ಆಪಾದನೆಯಲ್ಲಿ ಸ್ವಲ್ಪ ಸತ್ಯವಿದೆ, ಒಪ್ಪಿಕೊಳ್ಳೋಣ. ಆದರೆ ಅದೇ ಆದಿಕಾಂಡದ ಎರಡನೆಯ ಅಧ್ಯಾಯ ತೆರೆದು ನೋಡಿ. ದೇವರು ಮನುಷ್ಯನನ್ನು ತೋಟದಲ್ಲಿ ಇರಿಸಿದ್ದು ಅದನ್ನು ಸಾಗುವಳಿ ಮಾಡುವುದಕ್ಕೆ ಮತ್ತು ಕಾಯುವುದಕ್ಕೆ. ಯಜಮಾನ ದೇವರು, ನಾವು ತೋಟದ ಆಳುಗಳು. ಆಳಾದವನು ಹಣ್ಣು ತಿನ್ನಬಹುದು, ಬೇರು ಕಡಿಯಬಾರದು.

ಇದನ್ನು ಬಾಳಿ ತೋರಿಸಿದವರು ಅಸ್ಸಿಸಿಯ ಸಂತ ಫ್ರಾನ್ಸಿಸ್. ಬಸವಣ್ಣನವರು ತೀರಿಕೊಂಡ ಕೆಲವೇ ವರ್ಷಗಳಲ್ಲಿ ದೂರದ ಇಟಲಿಯಲ್ಲಿ, ಬಟ್ಟೆ ವ್ಯಾಪಾರಿಯ ಮಗನಾಗಿ ಹುಟ್ಟಿದರು. ಕಣ್ಣು ಮಂಕಾಗಿ ಕಾಯಿಲೆಯಿಂದ ನರಳುತ್ತಿದ್ದ ಕೊನೆಯ ದಿನಗಳಲ್ಲಿ ಸೂರ್ಯನನ್ನು ಅಣ್ಣನೆಂದೂ ನೀರನ್ನು ಅಕ್ಕನೆಂದೂ ಕರೆದು ದೇವರಿಗೆ ಸ್ತುತಿಗೀತೆ ಕಟ್ಟಿದರು. ಸೂರ್ಯ ದೇವರಲ್ಲ, ಒಡಹುಟ್ಟಿದವನು. ಒಡಹುಟ್ಟಿದವರನ್ನು ಯಾರಾದರೂ ಸೂರೆಮಾಡುತ್ತಾರೆಯೇ? ಸೌದೆ ಕಡಿಯಲು ಹೋದ ಸಹೋದರರಿಗೆ, ಮರ ಮತ್ತೆ ಚಿಗುರುವಂತೆ ಬುಡ ಉಳಿಸಿ ಕಡಿಯಲು ಅವರು ಹೇಳಿದರು. ಕಾಯಿಪಲ್ಲೆಯ ತೋಟದಲ್ಲಿ ಒಂದು ಪಾಲನ್ನು ಉಳದೆ ಕಾಡುಹೂಗಳಿಗೆ ಬಿಡಿಸಿದರು. ಲಕ್ಕಮ್ಮ ಮಿಕ್ಕ ಅಕ್ಕಿಯನ್ನು ಹಿಂದಿರುಗಿಸಿದ್ದೂ ಫ್ರಾನ್ಸಿಸರು ಮರದ ಬುಡ ಉಳಿಸಿದ್ದೂ ಒಂದೇ ಮನಸ್ಸಿನ ಎರಡು ಕೆಲಸಗಳು. ಜಗದ್ಗುರು ಎರಡನೆಯ ಜಾನ್ ಪಾಲರು 1979ರಲ್ಲಿ ಸಂತ ಫ್ರಾನ್ಸಿಸರನ್ನು ಪರಿಸರ ಕಾಯುವವರ ಪಾಲಕ ಸಂತರೆಂದು ಘೋಷಿಸಿದ್ದು ಇದಕ್ಕಾಗಿಯೇ.

ನಮ್ಮ ನೆರೆಮನೆಯ ಮುಸಲ್ಮಾನ ಬಂಧುಗಳನ್ನು ಕೇಳಿ. ಮನುಷ್ಯ ಭೂಮಿಯ ಒಡೆಯನಲ್ಲ, ದೇವರು ನೇಮಿಸಿದ ಪ್ರತಿನಿಧಿ ಎಂದು ಕುರಾನ್ ಕಲಿಸುತ್ತದೆ. ನಮಾಜಿಗೆ ಮುಂಚೆ ಕೈಕಾಲು ತೊಳೆಯುವಾಗ, ಹರಿಯುವ ಹೊಳೆಯ ದಂಡೆಯಲ್ಲಿ ಕುಳಿತಿದ್ದರೂ ನೀರನ್ನು ಪೋಲು ಮಾಡಬಾರದೆಂದು ಪ್ರವಾದಿಯವರು ಹೇಳಿದ್ದಾಗಿ ಅವರ ಸಂಪ್ರದಾಯ ತಿಳಿಸುತ್ತದೆ. ತೇರದಾಳದ ನೇಮಿನಾಥ ಬಸದಿಗೆ ಹೋಗಿ. ಅದೂ 12ನೆಯ ಶತಮಾನದ್ದೇ. ಅಲ್ಲಿ ಕೈಮುಗಿಯುವ ಜೈನ ಬಂಧುಗಳು ಅಹಿಂಸೆಯ ಜೊತೆಗೆ ಅಪರಿಗ್ರಹವನ್ನೂ ವ್ರತವಾಗಿ ಹಿಡಿದವರು. ಅಗತ್ಯಕ್ಕಿಂತ ಹೆಚ್ಚನ್ನು ಇಟ್ಟುಕೊಳ್ಳುವುದೇ ಅವರಿಗೆ ದೋಷ. ನೋಡಿದಿರಾ? ದೇವರ ವಿಚಾರದಲ್ಲಿ ನಾವು ಒಬ್ಬರಂತೆ ಒಬ್ಬರು ನಂಬುವುದಿಲ್ಲ. ಆದರೆ ಸಾಕು ಎಂಬ ಒಂದು ಪದದ ಬಳಿ ಬಂದಾಗ ಎಲ್ಲರೂ ಒಂದೇ ದಂಡೆಯ ಮೇಲೆ ನಿಲ್ಲುತ್ತೇವೆ. 1986ರಲ್ಲಿ ಐದು ಧರ್ಮಗಳ ಪ್ರತಿನಿಧಿಗಳು ಅಸ್ಸಿಸಿಯಲ್ಲಿ ಸೇರಿ ಪ್ರಕೃತಿಯ ರಕ್ಷಣೆಯ ಕುರಿತು ತಮ್ಮ ತಮ್ಮ ಘೋಷಣೆಗಳನ್ನು ಹೊರಡಿಸಿದರು. 2015ರಲ್ಲಿ ಜಗದ್ಗುರು ಫ್ರಾನ್ಸಿಸರು ಸಂತ ಫ್ರಾನ್ಸಿಸರ ಗೀತೆಯಿಂದಲೇ ಹೆಸರನ್ನು ಪಡೆದ ಲೌದಾತೊ ಸಿ ಎಂಬ ವಿಶ್ವಪತ್ರವನ್ನು ಬರೆದಾಗ, ಭೂಮಿಯ ಕೂಗು ಮತ್ತು ಬಡವರ ಕೂಗು ಬೇರೆಬೇರೆಯಲ್ಲ ಎಂದು ತೋರಿಸಿದರು.

ಸಂಗಮಕ್ಕೆ ಮರಳಿದ ಶರಣ

ಮತ್ತೆ ಕಲ್ಯಾಣಕ್ಕೆ ಬರೋಣ. ಸಾಕು ಎನ್ನುವವರನ್ನು ಲೋಕ ಸುಲಭವಾಗಿ ಸಹಿಸುವುದಿಲ್ಲ. ಶರಣನಾದ ಬ್ರಾಹ್ಮಣ ಮಧುವರಸನ ಮಗಳಿಗೂ ಚಮ್ಮಾರ ಹರಳಯ್ಯನ ಮಗನಿಗೂ ಮದುವೆಯಾದಾಗ ಕಲ್ಯಾಣ ಹೊತ್ತಿ ಉರಿಯಿತು. ಬಿಜ್ಜಳನ ಆಜ್ಞೆಯಂತೆ ಆ ಇಬ್ಬರು ತಂದೆಯರೂ ಘೋರ ಮರಣ ಶಿಕ್ಷೆಗೆ ಒಳಗಾದರು. ಶರಣರು ದಿಕ್ಕುದಿಕ್ಕಿಗೆ ಚದುರಿದರು. 1160ರ ದಶಕದ ಕೊನೆಯ ಭಾಗದಲ್ಲಿ ಬಿಜ್ಜಳನೂ ಕೊಲೆಯಾದ. ಅಧಿಕಾರವನ್ನು ಬಿಟ್ಟ ಬಸವಣ್ಣನವರು ಬಾಲ್ಯದ ಹೊಳೆದಂಡೆಗೆ ಮರಳಿ, ಕೂಡಲಸಂಗಮದಲ್ಲಿ ಐಕ್ಯರಾದರು. ಭಂಡಾರ ಕಾದವರು ಭಂಡಾರದಿಂದ ಏನನ್ನೂ ಒಯ್ಯದೆ ಹೋದರು.

ಇಂದು ಕೂಡಲಸಂಗಮಕ್ಕೆ ಹೋದವರು ಒಂದು ವಿಚಿತ್ರವನ್ನು ಕಾಣುತ್ತಾರೆ. ನಾರಾಯಣಪುರದ ಬಳಿ ಕೃಷ್ಣೆಗೆ ಕಟ್ಟಿದ ಅಣೆಕಟ್ಟು 1982ರಲ್ಲಿ ಮುಗಿಯಿತು. ಆ ಜಲಾಶಯಕ್ಕೆ ಬಸವಸಾಗರ ಎಂದೇ ಹೆಸರು. ಅದರ ಹಿನ್ನೀರು ಸಂಗಮದ ತನಕ ಬಂದು ಬಸವಣ್ಣನವರ ಐಕ್ಯಸ್ಥಳವನ್ನು ಮುಳುಗಿಸುವಂತಾದಾಗ ಸುತ್ತಲೂ ಬಾವಿಯಂತೆ ಗೋಡೆ ಎಬ್ಬಿಸಿದರು. ಈಗ ಭಕ್ತರು ನೀರಿನ ಮಟ್ಟಕ್ಕಿಂತ ಕೆಳಗೆ ಮೆಟ್ಟಿಲಿಳಿದು ಹೋಗಿ ಅಲ್ಲಿ ಕೈಮುಗಿಯುತ್ತಾರೆ. ಅವರ ಹೆಸರು ಹೊತ್ತ ನೀರು ಅವರನ್ನೇ ಸುತ್ತುವರಿದಿದೆ. ಇತ್ತ ಆಲಮಟ್ಟಿಯ ಹಿನ್ನೀರಿನಲ್ಲಿ ಹಳೆಯ ಬಾಗಲಕೋಟೆಯ ಓಣಿಗಳೂ ಬೀಳಗಿ ತಾಲೂಕಿನ ಹಲವು ಊರುಗಳೂ ಮುಳುಗಿದವು. ಆ ನೀರಿನಿಂದ ಎಷ್ಟೋ ಒಣ ಹೊಲಗಳು ಹಸಿರಾದವು, ನಿಜ. ಆದರೆ ಒಬ್ಬರ ಹೊಲ ಹಸಿರಾಗಲು ಮತ್ತೊಬ್ಬರು ಮನೆ, ಗುಡಿ, ಗೋರಿಗಳನ್ನು ಬಿಟ್ಟು ಎದ್ದು ಹೋಗಿದ್ದಾರೆ. ಅಂಥ ನೀರನ್ನು ಪೋಲು ಮಾಡುವ ಅಧಿಕಾರ ಯಾರಿಗಿದೆ?

ನಮ್ಮ ಹೊಲದ ಬದುವಿಗೆ

ಈಗ ಆ ಬಿಳಿಯ ನೆಲಕ್ಕೆ ಮರಳಿ ಬನ್ನಿ. ಸವಳು ಆಕಾಶದಿಂದ ಬಿದ್ದ ಶಾಪವಲ್ಲ. ಎರೆಮಣ್ಣಿನಲ್ಲಿ ನೀರು ಬೇಗ ಬಸಿದು ಹೋಗುವುದಿಲ್ಲ. ಕಬ್ಬಿಗೆ ಹೆಚ್ಚು ನೀರು ಹಾಯಿಸಿದಷ್ಟೂ ಹೆಚ್ಚು ಇಳುವರಿ ಎಂದು ನಂಬಿ, ವರ್ಷಗಟ್ಟಲೆ ಹೊಲ ತುಂಬಿಸುತ್ತ ಬಂದರೆ ನೆಲದಡಿಯ ನೀರಿನ ಮಟ್ಟ ಏರುತ್ತದೆ. ಬಿಸಿಲಿಗೆ ಆ ನೀರು ಮೇಲೆದ್ದು ಆವಿಯಾಗುತ್ತದೆ. ಅದರಲ್ಲಿ ಕರಗಿದ್ದ ಉಪ್ಪು ಮಾತ್ರ ಮೇಲ್ಮಣ್ಣಿನಲ್ಲಿ ಉಳಿಯುತ್ತದೆ. ಹೀಗೆ ವರ್ಷ ವರ್ಷ ಪದರ ಪದರವಾಗಿ ಕೂಡುತ್ತದೆ. ಮರುಭೂಮಿಯಲ್ಲಿ ಬಚ್ಚಿಟ್ಟ ಮನ್ನ ಹುಳಬಿತ್ತು. ಇಲ್ಲಿ ಹೆಚ್ಚು ಹಾಯಿಸಿದ ನೀರು ಉಪ್ಪಾಯಿತು. ದೇವರ ಕೊಡುಗೆಯನ್ನು ಅಳತೆ ಮೀರಿ ಬಾಚಿಕೊಂಡವನಿಗೆ ಆ ಕೊಡುಗೆಯೇ ಶಿಕ್ಷೆಯಾಗುತ್ತದೆ.

ಬಸವಣ್ಣನವರು ಒಂದು ಕುರಿಯ ಚಿತ್ರವನ್ನು ಕೊಟ್ಟಿದ್ದಾರೆ. ಹಬ್ಬಕ್ಕೆಂದು ತಂದ ಕುರಿ ತನ್ನನ್ನು ಕೊಲ್ಲುತ್ತಾರೆಂದು ಅರಿಯದೆ, ತೋರಣಕ್ಕೆ ತಂದ ಎಲೆಯನ್ನೇ ಮೇಯುತ್ತ ನಿಂತಿರುತ್ತದೆ. ನಮ್ಮ ಸ್ಥಿತಿಗೆ ಇದಕ್ಕಿಂತ ಸರಿಯಾದ ಚಿತ್ರ ಬೇಕೇ? ಹೊಳೆ ಬತ್ತುತ್ತಿದೆ, ಹೊಲ ಬೆಳ್ಳಗಾಗುತ್ತಿದೆ. ನಾವು ಈ ವರ್ಷದ ಬಿಲ್ಲು ಎಷ್ಟು ಬಂತೆಂದು ಲೆಕ್ಕ ಹಾಕುತ್ತ ತೋರಣದ ಎಲೆ ಮೇಯುತ್ತಿದ್ದೇವೆ.

ತಪ್ಪೆಲ್ಲ ರೈತನದೇ ಎಂದು ಹೇಳಿ ಮುಗಿಸಿದರೆ ಅನ್ಯಾಯವಾಗುತ್ತದೆ. ಸಾಲ ತೀರಿಸಬೇಕು, ಮಗಳ ಮದುವೆ ಮಾಡಬೇಕು, ಮಗನ ಕಾಲೇಜಿನ ಫೀಸು ಕಟ್ಟಬೇಕು. ಖಚಿತವಾಗಿ ಮಾರಾಟವಾಗುವ ಬೆಳೆ ಕಬ್ಬೊಂದೇ ಎಂದಾಗ ಅವನು ಇನ್ನೇನು ಮಾಡಿಯಾನು? ನಗರದಲ್ಲಿ ಕುಳಿತು ಚಹಾಕ್ಕೆ ಎರಡು ಚಮಚ ಸಕ್ಕರೆ ಹಾಕಿಕೊಳ್ಳುವ ನಾವೂ ಆ ಹೊಲದ ಪಾಲುದಾರರೇ. ಸಾಕು ಎನ್ನುವ ಪದವನ್ನು ಒಬ್ಬನೇ ಉಚ್ಚರಿಸಿದರೆ ಅವನು ಸೋಲುತ್ತಾನೆ. ಊರೇ ಕೂಡಿ ಉಚ್ಚರಿಸಬೇಕು.

ಕೂಡಿ ಮಾಡುವುದು ಈ ಸೀಮೆಯವರಿಗೆ ಹೊಸದಲ್ಲ. ಜಮಖಂಡಿ ಬಳಿಯ ಚಿಕ್ಕಪಡಸಲಗಿಯಲ್ಲಿ ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ರೈತರು ತಾವೇ ಹಣ ಹಾಕಿ, ತಾವೇ ಕಲ್ಲು ಮಣ್ಣು ಹೊತ್ತು 1989ರಲ್ಲಿ ಕೃಷ್ಣೆಗೆ ಬ್ಯಾರೇಜು ಕಟ್ಟಿ ಮುಗಿಸಿದರು. ಶ್ರಮಬಿಂದು ಸಾಗರ ಎಂಬ ಅದರ ಹೆಸರೇ ಕಾಯಕದ ಹೆಸರು. ನೀರನ್ನು ತಡೆದು ನಿಲ್ಲಿಸಲು ಒಂದಾದ ಆ ಕೈಗಳು ನೀರನ್ನು ಅಳೆದು ಬಳಸಲು ಒಂದಾಗಲಾರವೇ? ಮೊದಲನೆಯದು ಕಾಯಕವಾಯಿತು, ಎರಡನೆಯದು ದಾಸೋಹ. ಮೇಲಿನ ಹೊಲದವನು ಕಡಿಮೆ ಹಾಯಿಸಿದರೆ ಕೆಳಗಿನ ಹೊಲದವನ ನೆಲ ಜವಳಾಗುವುದಿಲ್ಲ, ಹೊಳೆಯ ಕೆಳದಂಡೆಯವನ ಕೊಡ ಬರಿದಾಗುವುದಿಲ್ಲ.

ಆದ್ದರಿಂದ ಓದುಗರೇ, ಈ ವಾರ ನಿಮ್ಮ ಕುಟುಂಬಗಳಲ್ಲಿ ಒಂದು ಕೆಲಸ ಮಾಡಿ. ಸಂಜೆಯ ಜಪಸರ ಮುಗಿದ ಮೇಲೆ ಎಲ್ಲರೂ ಕುಳಿತು ನಿಮ್ಮ ಮನೆಯ ಸಾಕು ಎಷ್ಟೆಂದು ಗೊತ್ತುಮಾಡಿ. ಹೊಲವಿದ್ದವರು ಹನಿ ನೀರಾವರಿಯ ಬಗ್ಗೆ ವಿಚಾರಿಸಿ. ಮಗ್ಗುಲ ಹೊಲದವರೊಡನೆ ಕೂಡಿ ಬಸಿಗಾಲುವೆ ತೋಡಿಸಿ. ಕಬ್ಬಿನ ರವದಿಗೆ ಬೆಂಕಿ ಇಡದೆ ಮಣ್ಣಿಗೇ ಹೊದಿಸಿ. ಅದು ಮಿಕ್ಕ ಅಕ್ಕಿಯನ್ನು ಅಂಗಳಕ್ಕೆ ಹಿಂದಿರುಗಿಸಿದಂತೆ. ಒಂದು ಕಬ್ಬಿನ ನಂತರ ಒಂದು ಹಂಗಾಮು ಸೆಣಬನ್ನೋ ಕಡಲೆಯನ್ನೋ ಬಿತ್ತಿ ನೆಲಕ್ಕೆ ಅದರ ಸಬ್ಬತ್ತನ್ನು ಕೊಡಿ. ಹೊಲವಿಲ್ಲದವರು ನಲ್ಲಿಯ ಬಳಿ, ಅಡುಗೆಮನೆಯಲ್ಲಿ, ಮದುವೆಯ ಊಟದ ಪಂಕ್ತಿಯಲ್ಲಿ ಲಕ್ಕಮ್ಮನನ್ನು ನೆನೆಯಿರಿ. ಪಾಪನಿವೇದನೆಗೆ ಮುಂಚೆ ಆತ್ಮಶೋಧನೆ ಮಾಡುವಾಗ ಸುಳ್ಳು, ಕೋಪ, ಕಳ್ಳತನಗಳ ಜೊತೆ ಈ ಪ್ರಶ್ನೆಯನ್ನೂ ಸೇರಿಸಿಕೊಳ್ಳಿ: ಇನ್ನೂ ಹುಟ್ಟದ ಮಕ್ಕಳ ಪಾಲಿನ ನೀರನ್ನು, ಮಣ್ಣನ್ನು ನಾನು ಕದ್ದೆನೇ? ಸೃಷ್ಟಿಗೆ ಮಾಡಿದ ಕೇಡು ಪಾಪವೇ ಹೌದೆಂದು ಆರ್ಥಡಾಕ್ಸ್ ಧರ್ಮಸಭೆಯ ಪಿತೃಶ್ರೇಷ್ಠ ಬಾರ್ತಲೋಮಿಯೋ ಅವರು ಹೇಳಿದ್ದನ್ನು ಲೌದಾತೊ ಸಿ ವಿಶ್ವಪತ್ರವೂ ಎತ್ತಿಹಿಡಿದಿದೆ.

ನಮ್ಮ ಭಕ್ತಿಯಲ್ಲಿ ಏನು ಕಡಿಮೆಯಾಯಿತು ಎಂದು ಮೊದಲಲ್ಲಿ ಕೇಳಿದೆವು. ಕೈಮುಗಿಯುವುದು ಕಡಿಮೆಯಾಗಿಲ್ಲ, ಮುಗಿದ ಕೈಯನ್ನು ಬಿಚ್ಚಿ ಹೆಚ್ಚಾದದ್ದನ್ನು ಹಿಂದಕ್ಕೆ ಹಾಕುವುದು ಕಡಿಮೆಯಾಗಿದೆ. ಮುಂದಿನ ಸಂಕ್ರಾಂತಿಗೆ ಗಲಗಲಿಯ ದಂಡೆಯಲ್ಲಿ ಯಾರದೋ ಮೊಮ್ಮಗಳು ಹೊಳೆಗಿಳಿಯುತ್ತಾಳೆ. ಅವಳು ಯಾವ ದೇವರ ಹೆಸರನ್ನು ಕರೆಯುತ್ತಾಳೋ, ಅದು ಅವಳ ಮನೆಯ ವಿಚಾರ. ಅವಳ ಮೊಣಕಾಲು ಮುಳುಗುವಷ್ಟಾದರೂ ನೀರು ಅಲ್ಲಿರಬೇಕು. ಮನೆಗೆ ಮರಳುವ ದಾರಿಯ ಹೊಲ ಕಪ್ಪಗೆ ಉಳಿದಿರಬೇಕು. ಆ ಹೊಣೆ ನಮ್ಮದು.

ಅಂದಂದಿನ ಆಹಾರವನ್ನು ಕೊಡುವ ತಂದೆಯಾದ ದೇವರು, ಅಂದಂದಿಗೆ ಸಾಕು ಎನ್ನುವ ಮನಸ್ಸನ್ನೂ ನಮಗೆ ಕೊಡಲಿ.